ಟೇಪು ಹಿಡಿದು ಮನೆ ಹುಡುಕಿದ್ದು

ಅಪ್ಪನಿಗೆ ಲಕ್ವ ಹೊಡೆದಿದ್ದು ಯುಗಾದಿ ಕಳೆದು ಎಂಟು ದಿನಕ್ಕೆ. ರಾತ್ರಿ ಮುದ್ದೆ ಉಂಡು ಚೆನ್ನಾಗೇ ಮಲಗಿದ್ದವರು ಬೆಳಗ್ಗೆ ಏಳಲಿಲ್ಲ. ಅಮ್ಮ ಕಾಫಿ ತಗೊಂಡು ಹೋಗಿ ನೋಡಿದರೆ ಬಾಯಿ ಒಂದು ಕಡೆಗೆ ವಾಲಿತ್ತು, ಎಡಗೈ ಎಡಗಾಲು ಎರಡಕ್ಕೂ ಸ್ವಾಧೀನ ಇರಲಿಲ್ಲ. ನಮ್ಮದು ಪಾವಗಡ ತಾಲ್ಲೂಕಿನ ಹಳ್ಳಿ. ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಸೇರಬೇಕೆಂದರೆ ಹೆಚ್ಚುಕಡಿಮೆ 100 ಕಿಲೋಮೀಟರ್. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. "ಎಷ್ಟೊತ್ತಿಗೆ ಶುರುವಾಯ್ತು?" ಅಂತ ಡಾಕ್ಟರ್ ಕೇಳಿದರು. ನಿದ್ದೆಯಲ್ಲಿ ಆದದ್ದಕ್ಕೆ ನಾವು ಏನು ಹೇಳೋಣ?

ಹನ್ನೆರಡು ದಿನ ವಾರ್ಡಿನಲ್ಲಿದ್ದು ಡಿಸ್ಚಾರ್ಜ್ ಆಯಿತು. ಮೊದಲ ಮೂರು ತಿಂಗಳಲ್ಲೇ ಹೆಚ್ಚು ಸುಧಾರಣೆ ಕಾಣೋದು, ಕಡಿಮೆ ಅಂದರೂ ಎರಡು ತಿಂಗಳು ದಿನಾ ಫಿಸಿಯೋಥೆರಪಿ ಮಾಡಿಸಿ ಎಂದರು. ಹೋಗಿ ಬರೋಕೆ ದಿನಕ್ಕೆ ಆರು ಗಂಟೆ ಬಸ್ಸು, ಕೂರಿಸಿದರೆ ಪಕ್ಕಕ್ಕೆ ಬೀಳುವ ಮನುಷ್ಯನನ್ನು ಕರಕೊಂಡು. ಆಗದ ಮಾತು. ತುಮಕೂರಿನಲ್ಲೇ ಇರಬೇಕಾಯಿತು.

ಅವತ್ತು ನಾನು ನೋಡಿದ್ದು ಎರಡೇ: ಬಾಡಿಗೆ ಎಷ್ಟು, ಆಸ್ಪತ್ರೆಗೆ ಎಷ್ಟು ದೂರ. ಬಸ್ ಸ್ಟಾಂಡ್ ಹತ್ತಿರದ ಒಂದು ಲಾಡ್ಜಿನಲ್ಲಿ ದಿನಕ್ಕೆ 800 ರೂಪಾಯಿಗೆ ರೂಮು ಹಿಡಿದೆ. ಮೊದಲನೇ ಮಹಡಿ, ಲಿಫ್ಟ್ ಇದೆ ಎಂದರು. ಲಿಫ್ಟ್ ಇತ್ತು, ನಿಜ. ಮೂರನೇ ದಿನ ಕರೆಂಟು ಹೋದಾಗ ಗೊತ್ತಾಯಿತು, ಅಲ್ಲಿನ ಜನರೇಟರ್ ದೀಪ ಫ್ಯಾನಿಗೆ ಮಾತ್ರ, ಲಿಫ್ಟಿಗಲ್ಲ. ಫಿಸಿಯೋಗೆ ಹೊತ್ತಾಗುತ್ತಿತ್ತು. ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಇಬ್ಬರು ರೂಮ್ ಬಾಯ್‌ಗಳೂ ಮೆಟ್ಟಿಲಿಳಿಸಿದೆವು. ಕೆಳಗಿನ ತಿರುವಿನಲ್ಲಿ ಕುರ್ಚಿ ವಾಲಿತು. ಒಬ್ಬ ಹುಡುಗ ಬೀಳದಂತೆ ಹಿಡಿಯಲು ಹೋಗಿ ಅಪ್ಪನ ಎಡಗೈ ಹಿಡಿದು ಮೇಲಕ್ಕೆಳೆದ. ಅವನ ತಪ್ಪಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಲಕ್ವ ಹೊಡೆದ ಕೈಯ ಭುಜದಲ್ಲಿ ಕೀಲನ್ನು ಬಿಗಿಯಾಗಿ ಹಿಡಿದಿಡುವ ಸ್ನಾಯುಗಳಿಗೆ ಶಕ್ತಿ ಇರುವುದಿಲ್ಲ, ಎಳೆದರೆ ಕೀಲು ಜಾರುತ್ತದೆ. ಆಮೇಲೆ ಎರಡು ವಾರ ಅಪ್ಪ ಆ ಭುಜ ಮುಟ್ಟಗೊಡಲಿಲ್ಲ. ಕೈಯ ವ್ಯಾಯಾಮ ಅಷ್ಟೂ ದಿನ ನಿಂತಿತು.

ಬಾತ್‌ರೂಮಿನ ಕಥೆ ಬೇರೆ. ನಮ್ಮ ವೀಲ್‌ಚೇರಿನ ಅಗಲ 25 ಇಂಚು. ಆ ಬಾತ್‌ರೂಮಿನ ಬಾಗಿಲು 24. ಒಂದೇ ಒಂದು ಇಂಚಿಗೋಸ್ಕರ ನನ್ನಪ್ಪನನ್ನು ದಿನಕ್ಕೆ ನಾಲ್ಕು ಸಲ ಬಾಗಿಲ ಹೊರಗೆ ಎಬ್ಬಿಸಿ, ತಬ್ಬಿಕೊಂಡು, ಕಾಲೆಳೆಸಿಕೊಂಡು ಒಳಗೆ ಕರಕೊಂಡು ಹೋಗುತ್ತಿದ್ದೆ. ಜೀವಮಾನವಿಡೀ ಯಾರ ಹಂಗಿಗೂ ಬೀಳದೆ ಕಡ್ಲೆಕಾಯಿ ಬೆಳೆದವರು. ಹೋಗಬೇಕಾಗುತ್ತದಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟರು. ನನಗೆ ಅದು ಗೊತ್ತಾಗಿದ್ದು ಐದು ದಿನ ಆದಮೇಲೆ, ಅಮ್ಮ ಹೇಳಿದಾಗ.

ನನ್ನ ಕಣ್ಣು ತೆರೆಸಿದ್ದು ಫಿಸಿಯೋ ಮಾಡಿಸುತ್ತಿದ್ದ ಹುಡುಗಿ. "ಇಲ್ಲಿ ನಾನು ಮಾಡಿಸೋದು ಮುಕ್ಕಾಲು ಗಂಟೆ ಅಣ್ಣ. ಮಿಕ್ಕಿದ್ದೆಲ್ಲ ನಿಮ್ ರೂಮಲ್ಲೇ ಆಗ್ಬೇಕು. ತಾತನ ಮಂಚ ಹೇಗಿದೆ, ಯಾವ ಕಡೆ ಗೋಡೆ ಇದೆ?" ಎಂದು ಕೇಳಿದಳು. ಮಂಚ ಗೋಡೆಗೆ ಅಂಟಿಕೊಂಡಿತ್ತು, ಅಪ್ಪನ ಬಲಗಡೆ ಗೋಡೆ. ಅಂದರೆ ಶಕ್ತಿ ಇರುವ ಕಡೆ ಪೂರ್ತಿ ಮುಚ್ಚಿತ್ತು. ವೀಲ್‌ಚೇರನ್ನು ಗಟ್ಟಿ ಇರುವ ಕಡೆ ಇಟ್ಟರೆ ಆ ಕೈ ಊರಿ, ಆ ಕಾಲಮೇಲೆ ಭಾರ ಹಾಕಿ ರೋಗಿ ತಾನೇ ಅರ್ಧ ಕೆಲಸ ಮಾಡುತ್ತಾನೆ. ನಾವು ಗೊತ್ತಿಲ್ಲದೆ ಬಿದ್ದುಹೋದ ಕಡೆಯಿಂದ ಎತ್ತುತ್ತಿದ್ದೆವು. ಮಂಚ ತಿರುಗಿಸೋಣವೆಂದರೆ ಲಾಡ್ಜಿನ ಮಂಚಕ್ಕೆ ತಲೆದಿಂಬಿನ ಹಲಗೆಯನ್ನು ಗೋಡೆಗೇ ಜಡಿದಿದ್ದರು. ಒಂಬತ್ತನೇ ದಿನಕ್ಕೆ ಆ ರೂಮು ಬಿಟ್ಟೆ.

ನಡುವೆ ದೊಡ್ಡಪ್ಪನ ಮಗಳು ಬಂದು ಜಗಳ ಮಾಡಿದ್ದಳು. ಅಕ್ಕನ ಮನೆ ಗುಬ್ಬಿ ಗೇಟ್ ಹತ್ತಿರ. "ಲಾಡ್ಜಿಗೆ ದುಡ್ಡು ಸುರಿಯೋ ಬದಲು ನಮ್ಮನೇಲಿ ಇರೋಕೇನೋ ನಿಂಗೆ?" ಅವಳ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಎರಡನೇ ಮಹಡಿ, 36 ಮೆಟ್ಟಿಲು, ಲಿಫ್ಟಿಲ್ಲ. ಒಂದೇ ಬಾತ್‌ರೂಮು, ಓದುವ ಇಬ್ಬರು ಮಕ್ಕಳು. ನೆಂಟರ ಮನೆಯಲ್ಲಿ ಒಂದು ವಾರ ಇರಬಹುದು, ಎರಡು ತಿಂಗಳು ಕಾಯಿಲೆಯವರನ್ನು ಇಟ್ಟುಕೊಂಡರೆ ನೆಂಟಸ್ತಿಕೆಯೇ ನವೆಯುತ್ತದೆ. "ಅಕ್ಕ, ಮನೆ ಬೇಡ, ನೀನು ರಾತ್ರಿ ಹೊತ್ತು ಒಂದು ಡಬ್ಬಿ ಸಾರು ಕಳಿಸು" ಎಂದೆ. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಕಳಿಸಿದಳು.

ಮನೆ ಹುಡುಕಲು ಹೊರಟಾಗ ಜೇಬಿನಲ್ಲಿ ಗಾರೆ ಕೆಲಸದವರ ಸ್ಟೀಲ್ ಟೇಪು ಇಟ್ಟುಕೊಂಡಿದ್ದೆ. ಮೊದಲ ದಿನ ಬೋರ್ಡು ನೋಡಿಕೊಂಡು ಎಸ್‌.ಎಸ್‌. ಪುರಂ, ಅಶೋಕನಗರ, ಎಸ್‌.ಐ.ಟಿ. ಬಡಾವಣೆ ಎಲ್ಲ ಸುತ್ತಿದೆ. ಕಾಲೇಜು ಹುಡುಗರಿಗೆ ಪಿ.ಜಿ. ಬೇಕಾದಷ್ಟಿವೆ, ಆದರೆ ಮಹಡಿ ಮೇಲಿನ ಸಣ್ಣ ರೂಮುಗಳೇ ಹೆಚ್ಚು. ಒಂದು ಕಡೆ ನೆಲಮಹಡಿ, ಅಗಲ ಬಾಗಿಲು, ಎಲ್ಲ ಸರಿಯಾಗಿತ್ತು. ಮನೆಯ ಯಜಮಾನಿ ಕಾಫಿಯನ್ನೂ ಕೊಟ್ಟರು. ಅಪ್ಪನ ವಿಷಯ ಹೇಳುತ್ತಿದ್ದಂತೆ ಲೋಟ ಕೆಳಗಿಟ್ಟರು. "ಏನೂ ಅಂದ್ಕೋಬೇಡಿಪ್ಪ. ಅವ್ರಿಗೆ ಹೆಚ್ಚುಕಮ್ಮಿ ಆಗಿ, ಪಂಚಕ ಗಿಂಚಕ ಬಂದ್ರೆ ನಾವು ಮನೆ ಬೀಗ ಹಾಕ್ಕೊಂಡು ಹೊರಗಿರ್ಬೇಕಾಗುತ್ತೆ." ಧನಿಷ್ಠಾ ಪಂಚಕದಲ್ಲಿ ಸಾವಾದರೆ ಮನೆ ಬಿಡಬೇಕೆಂಬ ನಂಬಿಕೆ ನಮ್ಮೂರಲ್ಲೂ ಇದೆ, ನನಗೇನು ಹೊಸದಲ್ಲ. ಆದರೂ ಬದುಕಿಸಿಕೊಳ್ಳಲು ಬಂದವರ ಮುಂದೆ ಆ ಮಾತು ಬಂದಾಗ ಗಂಟಲು ಕಟ್ಟಿತು. ಗೇಟಿನ ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಮಾರನೇ ದಿನದಿಂದ ಫೋನಿನಲ್ಲೇ ಮೊದಲು ಎಲ್ಲ ಹೇಳಿಬಿಡುತ್ತಿದ್ದೆ. ನಮ್ಮಪ್ಪನಿಗೆ ಲಕ್ವ ಹೊಡೆದಿದೆ, ವೀಲ್‌ಚೇರು, ಎರಡು ತಿಂಗಳಿಂದ ಮೂರು ತಿಂಗಳು, ಜೊತೆಗೆ ಅಮ್ಮ ನಾನು. ಒಂಬತ್ತು ಜನ ಬೇಡವೆಂದರು. ಒಂಬತ್ತು ಸಲ ಆಟೋ ಚಾರ್ಜು ಉಳಿಯಿತು, ಕೂತು ಕಾಫಿ ಕುಡಿದು ಇಲ್ಲ ಅನ್ನಿಸಿಕೊಳ್ಳುವುದೂ ತಪ್ಪಿತು. ಕೊನೆಗೆ ಮನೆ ತೋರಿಸಿದ್ದು ಬ್ರೋಕರ್ ಅಲ್ಲ, ಆಸ್ಪತ್ರೆ ಎದುರಿನ ಮೆಡಿಕಲ್ ಸ್ಟೋರಿನ ಹುಡುಗ. ಯಾವ ಮನೆಯವರು ಕಾಯಿಲೆಯವರಿಗೆ ಬಾಡಿಗೆಗೆ ಕೊಡುತ್ತಾರೆ, ಯಾರು ಕೊಡುವುದಿಲ್ಲ ಎನ್ನುವುದು ಔಷಧಿ ಅಂಗಡಿ, ಟೀ ಅಂಗಡಿ, ವಾರ್ಡಿನ ಆಯಾ ಇವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ನಿವೃತ್ತ ಮೇಷ್ಟ್ರೊಬ್ಬರ ಮನೆಯ ಹಿಂಭಾಗ ಅದು. ಒಂದು ರೂಮು, ಅಡುಗೆಮನೆ, ಬಾತ್‌ರೂಮು. ನಾನು ಟೇಪು ತೆಗೆದಾಗ ಮೇಷ್ಟ್ರು ಇನ್ನೊಂದು ತುದಿ ಹಿಡಿದುಕೊಂಡರು. ಬಾತ್‌ರೂಮ್ ಬಾಗಿಲು 30 ಇಂಚು, ಕೈಬೆರಳು ಉಜ್ಜದ ಹಾಗೆ ವೀಲ್‌ಚೇರ್ ಹೋಗಲು ಸಾಕು. ಹೊಸ್ತಿಲು ಎರಡು ಇಂಚು, ಇಳಿಜಾರಾಗಿ ಒಂದು ಹಲಗೆ ಹೊಡೆದೆ. ಒಳಗೆ ವೆಸ್ಟರ್ನ್ ಕಮೋಡು, ಪಕ್ಕದಲ್ಲಿ ಪೈಪು ಜಡಿದರೆ ತಡೆಯುವ ಇಟ್ಟಿಗೆ ಗೋಡೆ. ಆಟೋ ಗೇಟಿನವರೆಗೂ ಬರುತ್ತದೆಯೇ ಎಂದು ಒಂದು ಆಟೋ ಕರೆಸಿಯೇ ನೋಡಿದೆ. ಚರಂಡಿಯ ಚಪ್ಪಡಿ ಒಂದು ಕಡೆ ಅಲುಗಾಡುತ್ತಿತ್ತು, ಮೇಷ್ಟ್ರು ಅವತ್ತೇ ಸಿಮೆಂಟು ಹಾಕಿಸಿದರು. ನೀರು ಕೇಳಿದೆ. ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ದಿನಾ ನಲ್ಲಿಯಲ್ಲಿ ಬರುವುದಿಲ್ಲ, ಹಾಸಿಗೆ ಬಟ್ಟೆಯನ್ನೋ ದಿನಾ ಒಗೆಯಲೇಬೇಕು. ಸಂಪು ದೊಡ್ಡದಿತ್ತು, ಬೋರ್‌ವೆಲ್ ಕೂಡ ಇತ್ತು. ಯುಪಿಎಸ್‌ನಿಂದ ನಮ್ಮ ರೂಮಿಗೂ ಒಂದು ಪಾಯಿಂಟು ಕೊಡಿ ಎಂದು ಕೇಳಿಕೊಂಡೆ. ಬೆನ್ನು ಹುಣ್ಣಾಗದಿರಲು ಏರ್‌ಬೆಡ್ ಬಾಡಿಗೆಗೆ ತಂದಿದ್ದೆವು, ಅದರ ಪಂಪು ಕರೆಂಟಿನಲ್ಲಿ ನಡೆಯುವಂಥದ್ದು. ಏರ್‌ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪಲಿಲ್ಲ, ರಾತ್ರಿ ಅಲಾರಂ ಇಟ್ಟುಕೊಂಡು ಅಮ್ಮನೂ ನಾನೂ ಸರದಿಯಲ್ಲಿ ಏಳುತ್ತಿದ್ದೆವು. ಸಿ.ಟಿ. ಸ್ಕ್ಯಾನ್ ಇರುವ, ರಾತ್ರಿಯೂ ಡಾಕ್ಟರಿರುವ ಆಸ್ಪತ್ರೆ ಅಲ್ಲಿಂದ ಹತ್ತು ನಿಮಿಷ. ಒಮ್ಮೆ ಹೊಡೆದವರಿಗೆ ಇನ್ನೊಮ್ಮೆ ಹೊಡೆಯುವ ಭಯ ಇದ್ದೇ ಇರುತ್ತದೆ. ಈ ಸಲ ಗಂಟೆ ಲೆಕ್ಕ ತಪ್ಪಬಾರದಿತ್ತು.

ಬಾಡಿಗೆ 7,500. ಅಡ್ವಾನ್ಸ್ 50,000 ಕೊಟ್ಟು 11 ತಿಂಗಳ ಅಗ್ರಿಮೆಂಟ್ ಮಾಡಿಕೊಳ್ಳುವುದು ಮೇಷ್ಟ್ರ ಪದ್ಧತಿ. ನಾವಿರುವುದೇ ಮೂರು ತಿಂಗಳೊಳಗೆ ಎಂದು ಕೂತು ಮಾತಾಡಿ, ಮೂರು ತಿಂಗಳ ಬಾಡಿಗೆ ಮುಂಗಡ ಕೊಟ್ಟೆ, ಬೇಗ ಬಿಟ್ಟರೆ ಉಳಿದದ್ದು ವಾಪಸ್ ಎಂದು ಬರೆಸಿ ಇಬ್ಬರೂ ಸಹಿ ಮಾಡಿದೆವು. ಲಾಡ್ಜಿನಲ್ಲೇ ಇದ್ದಿದ್ದರೆ ಎರಡು ತಿಂಗಳಿಗೆ 48,000 ಆಗುತ್ತಿತ್ತು. ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಬಿಲ್ಲಿಗೆ, ಹೊರಗಿನ ಬಾಡಿಗೆಗೆ ಅದರಿಂದ ಏನೂ ಸಿಗುವುದಿಲ್ಲ. ಈ ಲೆಕ್ಕ ಮೊದಲೇ ಹಾಕಿಕೊಂಡಿರಬೇಕು. ಊರಿನಲ್ಲಿ ಹಸು ಕರು ಇದ್ದುದರಿಂದ ಅಮ್ಮ ಹತ್ತು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದರು. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿಗೇ ಕಾದು ಹತ್ತಿದರೆ ಅವರಿಗೆ ಟಿಕೆಟ್ ಖರ್ಚಿರಲಿಲ್ಲ.

ಮಂಚವನ್ನು ರೂಮಿನ ಮಧ್ಯಕ್ಕೆ ಎಳೆದು ಅಪ್ಪನ ಬಲಗಡೆ ಪೂರ್ತಿ ಖಾಲಿ ಬಿಟ್ಟೆವು. ಕಾಲೂರಿದರೆ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟೇ ಎತ್ತರವಿರಬೇಕೆಂದು ಮಂಚದ ಕಾಲುಗಳ ಕೆಳಗಿದ್ದ ಮರದ ಅಡಿಗಟ್ಟೆ ತೆಗೆದೆ. ಎರಡನೇ ವಾರ, ನಾನು ಬಟ್ಟೆ ಒಣಹಾಕಿ ಒಳಗೆ ಬಂದರೆ ಅಪ್ಪ ಬಲಗೈಯಲ್ಲಿ ಮಂಚದ ಅಂಚು ಹಿಡಿದು ತಾವೇ ಎದ್ದು ಕೂತಿದ್ದರು. ಮುಖವೆಲ್ಲ ಬೆವರು. ನನ್ನ ನೋಡಿ "ನೀರು ಕೊಡು" ಎಂದರು. ಕುಡಿಯಲು ತಾವಾಗಿ ಕೇಳಿದ್ದು ಅವತ್ತೇ ಮೊದಲು.

ಆ ನೀರಿನ ವಿಷಯಕ್ಕೇ ಅಡುಗೆಮನೆ ಬೇಕಾಗಿದ್ದು. ನುಂಗಲು ಕಷ್ಟವಿರುವವರಿಗೆ ಗಟ್ಟಿಯದಕ್ಕಿಂತ ತೆಳ್ಳನೆಯ ನೀರೇ ಶ್ವಾಸನಾಳಕ್ಕೆ ಹೋಗುವ ಅಪಾಯ ಹೆಚ್ಚು. ಮೊದಲ ಮೂರು ವಾರ ರಾಗಿ ಗಂಜಿಯನ್ನು ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾಗಿ ಕಾಯಿಸಿ, ನೆಟ್ಟಗೆ ಕೂರಿಸಿ, ಒಂದೊಂದೇ ಚಮಚ ಕೊಡುತ್ತಿದ್ದೆವು. ತಿಂದಮೇಲೂ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ. ಬಿ.ಪಿ.ಗೆ ಉಪ್ಪು ಕಡಿಮೆ ಇರಬೇಕು. ಇದನ್ನೆಲ್ಲ ಹೋಟೆಲಿನವರಿಗೆ ಹೇಳಿ ಮಾಡಿಸುವುದು ಎಲ್ಲಾಗುತ್ತದೆ? ಕ್ಯಾತಸಂದ್ರದ ತಟ್ಟೆ ಇಡ್ಲಿ ತಿನ್ನಬೇಕೆಂದು ಅಪ್ಪ ಆಸೆಪಟ್ಟಿದ್ದರು, ಆರನೇ ವಾರ ಡಾಕ್ಟರನ್ನು ಕೇಳಿ ತಂದುಕೊಟ್ಟೆ.

ಒಂದು ತಪ್ಪು ಮಾಡಿದೆ. ಮನೆ ನೋಡಿದ್ದು ಮಧ್ಯಾಹ್ನ. ಹಿಂದಿನ ಬೀದಿಯಲ್ಲೊಂದು ಕಲ್ಯಾಣಮಂಟಪವಿತ್ತು, ಹಗಲು ಬಾಗಿಲು ಹಾಕಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ಲಗ್ನದ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೂ ವಾಲಗ, ಆರ್ಕೆಸ್ಟ್ರಾ. ನಿದ್ದೆ ಕೆಟ್ಟ ಮಾರನೇ ದಿನ ಅಪ್ಪನಿಗೆ ವ್ಯಾಯಾಮ ಹತ್ತುತ್ತಲೇ ಇರಲಿಲ್ಲ. ರಾತ್ರಿ ಒಂಬತ್ತಕ್ಕೆ ಒಮ್ಮೆ ಹೋಗಿ ಆ ಬೀದಿಯಲ್ಲಿ ನಿಂತು ನೋಡಿದ್ದರೆ ಗೊತ್ತಾಗುತ್ತಿತ್ತು.

ಏಳನೇ ವಾರ ಅಪ್ಪ ಮೂರು ಕಾಲಿನ ಕೋಲು ಹಿಡಿದು ಬಾತ್‌ರೂಮಿನವರೆಗೆ ನಡೆದರು. ನಾನು ಹಿಂದೆ ಇದ್ದೆ, ಹಿಡಿದಿರಲಿಲ್ಲ. ಊರಿಗೆ ಹೋಗುವ ಮಾತು ಬಂತು. ಸಾಮಾನು ಕಟ್ಟುವ ಮೊದಲು ತಮ್ಮನಿಗೆ ಫೋನ್ ಮಾಡಿ ನಮ್ಮ ಮನೆಯ ಬಾತ್‌ರೂಮಿನ ಬಾಗಿಲು ಅಳೆಯಲು ಹೇಳಿದೆ. 22 ಇಂಚು. ಹೊಸ್ತಿಲು ಬೇರೆ ಮೊಣಕೈಯುದ್ದ ಅಗಲ. ಮೇಸ್ತ್ರಿಗೆ ಫೋನ್ ಕೊಡಿಸಿ ಮಾತಾಡಿದೆ: ಬಾಗಿಲು 32 ಇಂಚು ಮಾಡಿ, ಹೊಸ್ತಿಲು ತೆಗೆದುಬಿಡಿ, ನಾವು ಬರೋದು ಮುಂದಿನ ಗುರುವಾರ.