ಜಿಮ್‌ಗೆ ಹೊಸಬರೇ? ಮೊದಲ ಮೂರು ತಿಂಗಳ ಕಸರತ್ತು, ಊಟ

ದಿನಕ್ಕೊಂದು ಅಂಗ ಮಾಡಬೇಕೋ, ಒಂದೇ ದಿನ ಇಡೀ ಮೈಗೆ ಮಾಡಬೇಕೋ? ಹೊಸಬರಿಗೆ ಎರಡನೆಯದೇ ಸರಿ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವಿರಲಿ. ಈ ಸೋಮವಾರ ಎದೆ ಮಾಡಿ ಮತ್ತೆ ಮುಂದಿನ ಸೋಮವಾರವೇ ಎದೆಗೆ ಕೈಹಾಕಿದರೆ ಪಟ್ಟು ಮೈಗೆ ಒಗ್ಗುವುದು ನಿಧಾನ. ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಭಾರ ಮೇಲೆತ್ತುವುದು), ಡಂಬೆಲ್ ರೋ (ಬಾಗಿ ಕೈತೂಕವನ್ನು ಪಕ್ಕೆಗೆ ಎಳೆಯುವುದು), ಶೋಲ್ಡರ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ಎತ್ತುವುದು), ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಾಗಿ ಭಾರ ಎತ್ತುವುದು): ಒಂದೊಂದಕ್ಕೂ ಮೂರು ಸೆಟ್ (ಸುತ್ತು), ಸೆಟ್‌ಗೆ 8ರಿಂದ 12 ರೆಪ್ಸ್ (ಅಷ್ಟು ಸಲ), ಸೆಟ್‌ಗಳ ನಡುವೆ ಎರಡು ನಿಮಿಷ ವಿಶ್ರಾಂತಿ. ತೋಳಿನ ಆಸೆ ಇದ್ದರೆ ಕೊನೆಗೆ ಎರಡು ಸೆಟ್ ಕರ್ಲ್ (ಮೊಣಕೈ ಮಡಿಸಿ ಭಾರ ಎತ್ತುವುದು).

ಸೆಟ್ ಮುಗಿದಾಗ ಇನ್ನೆರಡು ರೆಪ್ಸ್ ಮಾಡುವಷ್ಟು ಕಸುವು ಉಳಿದಿರಬೇಕು. ಅಷ್ಟು ಭಾರವೇ ನಿಮಗೆ ತಕ್ಕ ಭಾರ. ಅದನ್ನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಕೆ.ಜಿ., ರೆಪ್ಸ್. ಮೂರೂ ಸೆಟ್‌ನಲ್ಲಿ 12 ಬಂತೆಂದರೆ ಮುಂದಿನ ಸಲ ಬಾರ್‌ನ, ಅಂದರೆ ತೂಕ ಸಿಕ್ಕಿಸುವ ಸರಳಿನ, ಎರಡೂ ಬದಿಗೆ 1.25 ಕೆ.ಜಿ. ಪ್ಲೇಟ್ ಸೇರಿಸಿ. ರೆಪ್ಸ್ 8ಕ್ಕೆ ಇಳಿಯಬಹುದು, ಇಳಿಯಲಿ. ಮತ್ತೆ 12ಕ್ಕೆ ಏರಿಸಿ. ಸ್ನಾಯು ಬೆಳೆಯುವುದು ಹೀಗೆ ಮೆಲ್ಲಮೆಲ್ಲನೆ ಏರುವ ಭಾರಕ್ಕೆ. ವಾರಕ್ಕೊಂದು ಹೊಸ ಕಸರತ್ತು ಹುಡುಕುವವರಿಗೆ ತಾವು ಮುಂದೆ ಹೋಗುತ್ತಿದ್ದೇವೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಬೆಂಚ್ ಪ್ರೆಸ್‌ನಲ್ಲಿ ಭುಜ ನೋಯುತ್ತದೆ ಎನ್ನುವವರು ಮೊದಲು ಮೊಣಕೈ ನೋಡಿಕೊಳ್ಳಿ. ಅದು ಭುಜದ ನೇರಕ್ಕೆ ಪೂರ್ತಿ ಅಗಲಿಸಿದ್ದರೆ ಹೊರೆ ಭುಜದ ಕೀಲಿಗೆ ಬೀಳುತ್ತದೆ. ಮಲಗಿದ ಮೇಲೆ ಎರಡೂ ಹೆಗಲ ಮೂಳೆಗಳನ್ನು ಹಿಂದಕ್ಕೆಳೆದು ಬೆಂಚಿಗೆ ಒತ್ತಿ, ಮೊಣಕೈಯನ್ನು ಪಕ್ಕೆಯ ಕಡೆಗೆ ಸ್ವಲ್ಪ ತನ್ನಿ, ಬಾರ್ ಎದೆಯ ಕೆಳಭಾಗ ಮುಟ್ಟಲಿ. ಖಾಲಿ ಬಾರ್ ಎಂದರೂ ಸಾಮಾನ್ಯವಾಗಿ 20 ಕೆ.ಜಿ. ಇರುತ್ತದೆ. ಮೊದಲ ವಾರ ಅದೂ ಭಾರವೆನಿಸಿದರೆ ಡಂಬೆಲ್ ಹಿಡಿಯಿರಿ, ಅದರಲ್ಲಿ ಸಂಕೋಚವೇನೂ ಬೇಡ. ಹತ್ತಿರ ಜಿಮ್ ಇಲ್ಲದವರು ಗರಡಿಯ ದಂಡ, ಬಸ್ಕಿಯಿಂದಲೇ ಶುರುಮಾಡಬಹುದು.

ಇನ್ನು ಊಟ. ಎಡವುವವರು ಹೆಚ್ಚಾಗಿ ಇಲ್ಲೇ. ಮೈ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕೆ.ಜಿ. ಇರುವವರಿಗೆ 95 ಗ್ರಾಂ ಆಸುಪಾಸು. (ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.) ಮುದ್ದೆ ತಿಂದರೆ ಮೈಗೆ ಬಲ ನಿಜ, ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಸಾರನ್ನು ನಂಬಿಯೂ ಮೋಸ ಹೋಗುತ್ತಾರೆ: ಮೇಲಿನ ತಿಳಿಯಲ್ಲಿ ಬೇಳೆ ಎಲ್ಲಿ ಬಂತು? ಸೌಟನ್ನು ತಳದಿಂದ ತಿರುವಿ ಗಟ್ಟಿ ಭಾಗ ಬಡಿಸಿಕೊಳ್ಳಿ.

ಸಸ್ಯಾಹಾರಿಗಳ ಲೆಕ್ಕ ಹೀಗೆ ಕೂಡಿಬರುತ್ತದೆ: ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ, ಒಣತೂಕದಲ್ಲಿ 50 ಗ್ರಾಂ ಸೋಯಾ ಚಂಕ್ಸ್‌ನಿಂದ 26, ನೂರು ಗ್ರಾಂ ಪನೀರ್‌ನಿಂದ 18, ಅರವತ್ತು ಗ್ರಾಂ ತೊಗರಿಬೇಳೆ ಅಥವಾ ಹುರುಳಿಯಿಂದ 13. ಉಳಿದದ್ದನ್ನು ದಿನದ ಅನ್ನ, ಚಪಾತಿ, ಮುದ್ದೆ, ಮೊಸರು ತುಂಬಿಕೊಡುತ್ತವೆ. ಮೊಟ್ಟೆ ತಿನ್ನುವವರಿಗೆ ಪನೀರ್ ಬದಲು ಮೂರು ಮೊಟ್ಟೆಯಾದರೂ ಆದೀತು, ಖರ್ಚೂ ಕಡಿಮೆ. ಹಳದಿ ಭಾಗವನ್ನು ಎಸೆಯಬೇಡಿ, ಮೊಟ್ಟೆಯ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಅದರಲ್ಲೇ ಇದೆ.

ವೇ ಪೌಡರ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಬೇಕೇ ಬೇಕೆಂದಿಲ್ಲ. ಊಟದಲ್ಲಿ ಲೆಕ್ಕ ಕೂಡದವರಿಗೆ ಅದೊಂದು ಅನುಕೂಲ ಅಷ್ಟೆ. ಕೊಳ್ಳುವುದಾದರೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಸ್ನಾಯುವಿನ ಕಸುವಿಗೆಂದು ತೆಗೆದುಕೊಳ್ಳುವ ಪುಡಿ ಕ್ರಿಯಾಟಿನ್ ಮಾನೋಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ಸಾಕು. ಅದನ್ನು ಶುರುಮಾಡಿದಾಗ ಸ್ನಾಯುವಿನಲ್ಲಿ ನೀರು ಸೇರಿ ತೂಕ ಕೊಂಚ ಏರುತ್ತದೆ, ಕೊಬ್ಬೆಂದು ಹೆದರಬೇಡಿ. 'ಬೇಗ ಬಾಡಿ ಬರುತ್ತೆ' ಎಂದು ಯಾರಾದರೂ ಇಂಜೆಕ್ಷನ್ ಅಥವಾ ಹೆಸರಿಲ್ಲದ ಮಾತ್ರೆ ಕೊಟ್ಟರೆ ಮುಟ್ಟಲೇಬೇಡಿ. ಸ್ಟಿರಾಯ್ಡ್‌ನಿಂದ ಹೃದಯ, ಯಕೃತ್ತು ಎರಡಕ್ಕೂ ಪೆಟ್ಟು, ಮೈಯ ಸ್ವಂತ ಹಾರ್ಮೋನ್ ಉತ್ಪಾದನೆಯೂ ಕುಗ್ಗುತ್ತದೆ.

ಹೊಟ್ಟೆ ಕರಗಿಸಲು ಕ್ರಂಚಸ್ (ಮಲಗಿ ತಲೆ, ಭುಜ ಮೇಲೆತ್ತುವುದು) ಮಾಡಿದರೆ ಗಟ್ಟಿಯಾಗುವುದು ಒಳಗಿನ ಸ್ನಾಯು, ಮೇಲಿನ ಕೊಬ್ಬು ಇಳಿಯುವುದು ಒಟ್ಟು ಊಟ ತಗ್ಗಿದಾಗ. ಸಣಕಲು ಮೈಯವರ ಪಾಡು ಇದಕ್ಕೆ ತಿರುಗುಮುರುಗು. ಅವರು ವಾರಕ್ಕೆ ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಸರಾಸರಿ ತೆಗೆಯಲಿ. ಎರಡು ವಾರ ಮುಳ್ಳು ಕದಲದಿದ್ದರೆ ದಿನಕ್ಕೊಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ ಹೆಚ್ಚಿಸಿ ಮತ್ತೆ ಎರಡು ವಾರ ನೋಡಲಿ.