ಸರ್ಫ್‌ಬೋರ್ಡಿಗೆ ಬೀಗ ಹಾಕಿದ ಬಗೆ

ಸುಂಟಿಕೊಪ್ಪದ ಸಮೀಪ ಕಾಫಿ ಬೆಳೆಯುವ ನಾನು ಕೊಯ್ಲು ಮುಗಿದ ಮೇಲೆ ಸಂಪಾಜೆ ಘಾಟಿ ಇಳಿದು ಮೂಲ್ಕಿ, ಸಸಿಹಿತ್ಲು ಕಡಲತೀರಗಳಿಗೆ ಸರ್ಫಿಂಗ್ ಮಾಡಲು ಹೋಗುತ್ತೇನೆ. ಮೂರು ವರ್ಷಗಳ ಹಿಂದೆ, ದಾರಿಬದಿಯ ಹೋಟೆಲೊಂದರಲ್ಲಿ ಊಟ ಮುಗಿಸಿ ಹೊರಬಂದಾಗ ಜೀಪಿನ ಮೇಲೆ ಬೋರ್ಡು ಇರಲಿಲ್ಲ. ಕುಯ್ದ ಬೆಲ್ಟುಗಳಷ್ಟೇ ಕ್ಯಾರಿಯರಿನಿಂದ ಜೋತಾಡುತ್ತಿದ್ದವು.

ಸೈಕಲ್ಲಾದರೆ ಸರಪಳಿ ಸುತ್ತಲು ಚೌಕಟ್ಟಿರುತ್ತದೆ. ನುಣುಪಾದ ಬೋರ್ಡಿನಲ್ಲಿ ಅಂಥ ಹಿಡಿತ ಸಿಗುವುದು ಬಾಲದ ಬಳಿ ಮಾತ್ರ: ಕಾಲಿಗೆ ಕಟ್ಟುವ ಲೀಶ್‌ನ ದಾರ ಪೋಣಿಸಲು ಅಲ್ಲಿ ಪುಟ್ಟ ಬಟ್ಟಲಿನಂಥ ಕುಳಿಯೂ ಅದಕ್ಕೆ ಅಡ್ಡಲಾಗಿ ಒಂದು ಕಡ್ಡಿಯೂ ಇರುತ್ತವೆ. ಹೊಸ ಬೋರ್ಡು ಕೊಂಡಾಗ, ಬೈಕಿನ ಕ್ಲಚ್ ಕೇಬಲ್ಲಿನ 2 ಮಿ.ಮೀ. ಒಳತಂತಿಯನ್ನು ಆ ಕಡ್ಡಿಯಡಿ ತೂರಿಸಿ, ಎರಡೂ ತುದಿಗಳನ್ನು ಸಣ್ಣ ಲೋಹದ ಕೊಳವೆಯೊಳಗೆ ಸೇರಿಸಿ ಜಜ್ಜಿ, ಎರಡು ಇಂಚಿನ ಬಳೆ ಮಾಡಿದೆ. ತಂತಿ ಬೋರ್ಡನ್ನು ಗೀಚದಂತೆ ಅದಕ್ಕೆ ಮೊದಲೇ ಪ್ಲಾಸ್ಟಿಕ್ ತೋಳು ತೊಡಿಸಿದ್ದೆ. ಲೀಶ್‌ನ ದಾರಕ್ಕೂ ಅಲ್ಲೇ ಜಾಗ ಉಳಿದದ್ದರಿಂದ ಬಳೆಯನ್ನು ಬಿಚ್ಚುವ ಅಗತ್ಯವೇ ಬರಲಿಲ್ಲ.

ಪ್ರಯಾಣದಲ್ಲಿ ಈ ಬಳೆಯೊಳಗೆ ದಪ್ಪನೆಯ ಉಕ್ಕಿನ ಕೇಬಲ್ ಹಾಯಿಸಿ ಕ್ಯಾರಿಯರಿನ ಸರಳಿಗೆ ಬೀಗ ಹಾಕುತ್ತೇನೆ. ಗಾಳಿಯ ಎಳೆತವನ್ನು ತಡೆಯುವುದು ಬೆಲ್ಟಿನ ಕೆಲಸವಾದ್ದರಿಂದ ಕೇಬಲ್ಲನ್ನು ಸಡಿಲವಾಗಿಯೇ ಬಿಡಬೇಕು. ಬಿಗಿದರೆ ಬೋರ್ಡಿನ ಅಂಚು ನಜ್ಜುಗುಜ್ಜಾಗುತ್ತದೆ. ನನ್ನ ಮೊದಲ ಕಬ್ಬಿಣದ ಬೀಗ ಉಪ್ಪುಗಾಳಿಗೂ ಕೊಡಗಿನ ಮಳೆಗೂ ಸಿಕ್ಕಿ ಒಂದೇ ವರ್ಷದಲ್ಲಿ ಕಚ್ಚಿಕೊಂಡಿತು. ಈಗಿರುವುದು ಹಿತ್ತಾಳೆಯದು, ಅದನ್ನೂ ಪ್ರತಿಸಲ ಸಿಹಿನೀರಿನಲ್ಲಿ ತೊಳೆಯುತ್ತೇನೆ. ಬೋರ್ಡನ್ನು ವಾಹನದೊಳಗಿಟ್ಟು ಬಾಗಿಲು ಹಾಕಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಕರಾವಳಿಯ ಬಿಸಿಲಿನಲ್ಲಿ ಮುಚ್ಚಿದ ವಾಹನದ ಶಾಖಕ್ಕೆ ಒಳಗಿನ ಫೋಮ್‌ನಿಂದ ಹೊರಪದರ ಬಿಟ್ಟು ಗುಳ್ಳೆಯೇಳುತ್ತದೆ. ಕಳ್ಳ ಒಯ್ಯದ ಬೋರ್ಡನ್ನು ನಾವೇ ಕೆಡಿಸಿದಂತಾಗುತ್ತದೆ.

ಮನೆಯಲ್ಲಿ ಬೋರ್ಡಿರುವುದು ಕಾಫಿ ಗೋದಾಮಿನ ತೊಲೆಯಡಿ. ಮೂಟೆಗಳಿಗೆಂದು ಅಲ್ಲಿನ ಬಾಗಿಲಿಗೆ ಹಾಕಿಸಿದ್ದ ಅಯಸ್ಕಾಂತದ ಅಲಾರಂ ಇದನ್ನೂ ಕಾಯುತ್ತದೆ.

ಕಟರ್ ಹಿಡಿದು ಬಂದವನ ಮುಂದೆ ನನ್ನ ತಂತಿ ಕ್ಷಣಕಾಲವೂ ನಿಲ್ಲದು. ಕಂಕುಳಲ್ಲಿ ಅವುಚಿಕೊಂಡು ಹೊರಡುವವನನ್ನಷ್ಟೇ ಅದು ತಡೆದೀತು. ಕಳೆದ ವರ್ಷ ಯಾರೋ ಜಗ್ಗಿ ನೋಡಿ ಬಿಟ್ಟುಹೋಗಿದ್ದರು. ಬೋರ್ಡು ಉಳಿಯಿತಾದರೂ ಕುಳಿಯ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡಿತು. ಅದರ ಮೂಲಕ ನೀರು ಫೋಮ್‌ಗೆ ಇಳಿಯುವ ಮೊದಲೇ ತುಂಬಬೇಕಿತ್ತು; ಬಿಸಿಲಿಗೆ ಗಟ್ಟಿಯಾಗುವ ರೆಸಿನ್ ಕೈಯಲ್ಲಿದ್ದರೂ ಹೊರಗೆ ದಟ್ಟ ಮಂಜು ಕವಿದಿದ್ದರಿಂದ, ಎರಡು ಟ್ಯೂಬು ಬೆರೆಸುವ ಎಪಾಕ್ಸಿಯನ್ನೇ ಹಚ್ಚಿದೆ.