ಕ್ಯಾಶ್‌ಬ್ಯಾಕ್ ಕೈಗೆ ಬರಬೇಕೆಂದರೆ, ಸಂಘದ ಷೇರು ಕೆಲಸಕ್ಕೆ ಬರಬೇಕೆಂದರೆ

ದಸರಾ ಸೇಲ್ ಬಂತೆಂದರೆ ಸಿಂಧನೂರು, ಗಂಗಾವತಿ ಕಡೆ ಮನೆಮನೆಗೂ ಪಾರ್ಸೆಲ್. ಆಮೇಲೆ ಶುರು: ‘ಕ್ಯಾಶ್‌ಬ್ಯಾಕ್ ಸೈಟಿನಿಂದಲೇ ತಗೊಂಡಿದ್ದೆ, ಒಂದು ಪೈಸೆನೂ ಬರ್ಲಿಲ್ರೀ.’ ವಿಚಾರಿಸಿ ನೋಡಿದರೆ ಬಹಳ ಸಲ ಸೈಟು ಮೋಸ ಮಾಡಿರುವುದಿಲ್ಲ, ಖರೀದಿಯ ಕ್ರಮ ತಪ್ಪಿರುತ್ತದೆ.

ಹಂತ 1: ಕ್ಯಾಶ್‌ಕರೋ, ಗೋಪೈಸಾದಂಥ ಒಂದು ಸೈಟಿನಲ್ಲಿ ಖಾತೆ ತೆರೆಯಿರಿ. ಸೇರಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ಗಿರಾಕಿ ಕಳಿಸಿದವರಿಗೆ ಆನ್‌ಲೈನ್ ಅಂಗಡಿ ಕಮಿಷನ್ ಕೊಡುತ್ತದೆ. ಗಂಜ್‌ನಲ್ಲಿ ದಲಾಲಿ ಅಂಗಡಿಯವರು ತಮ್ಮ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟ ಹಾಗೆ, ಸೈಟು ಅದರಲ್ಲೊಂದಿಷ್ಟು ನಿಮಗೆ ದಾಟಿಸುತ್ತದೆ. ನಿಮ್ಮನ್ನು ಕಳಿಸಿದ್ದು ಯಾರು ಎಂಬುದನ್ನು ಬ್ರೌಸರ್‌ನಲ್ಲಿ ಕೂರುವ ಕುಕೀ ಎಂಬ ಪುಟ್ಟ ಗುರುತು ಹೇಳುತ್ತದೆ. ಸಾಮಾನ್ಯವಾಗಿ ಕೊನೆಗೆ ಕಳಿಸಿದವರಿಗೇ ಕಮಿಷನ್.

ಆದ್ದರಿಂದ ಏನು ಬೇಕು, ಯಾವ ಬಣ್ಣ, ಯಾವ ಸೈಜು ಎಂಬುದೆಲ್ಲ ಮೊದಲೇ ತೀರ್ಮಾನವಾಗಲಿ. ಕಾರ್ಟ್‌ಗೆ ಮಾತ್ರ ಹಾಕಬೇಡಿ, ಹಾಕಿದ್ದರೆ ತೆಗೆಯಿರಿ. ಮೊದಲೇ ಕಾರ್ಟ್‌ನಲ್ಲಿದ್ದ ಸಾಮಾನು ಎಷ್ಟೋ ಸಲ ಲೆಕ್ಕಕ್ಕೆ ಬರುವುದಿಲ್ಲ. ಜಾಹೀರಾತು ತಡೆಯುವ ಆ್ಯಡ್‌ಬ್ಲಾಕರ್ ಆಫ್ ಮಾಡಿ, ಬ್ರೌಸರ್‌ನ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ ಖರೀದಿಸಬೇಡಿ. ಆ ಅಂಗಡಿಯ ಷರತ್ತು ಓದಿ: ಖರೀದಿ ಆ್ಯಪ್‌ನಲ್ಲಿ ಆಗಬೇಕೋ ವೆಬ್‌ಸೈಟಿನಲ್ಲೋ, ಯಾವ ಸಾಮಾನಿಗೆ ಕ್ಯಾಶ್‌ಬ್ಯಾಕ್ ಇಲ್ಲ ಎಂದು. ಗಿಫ್ಟ್ ಕಾರ್ಡ್, ಚಿನ್ನದ ನಾಣ್ಯಕ್ಕೆ ಹೆಚ್ಚಾಗಿ ಇರುವುದಿಲ್ಲ. ಇಷ್ಟಾದ ಮೇಲೆ ಸೈಟಿನ ಲಿಂಕ್ ಒತ್ತಿ, ಕಾರ್ಟ್‌ಗೆ ಹಾಕಿ, ಒಂದೇ ಬಾರಿಗೆ ದುಡ್ಡು ಕಟ್ಟಿ ಮುಗಿಸಿ. ನಡುವೆ ಕೂಪನ್ ಹುಡುಕಲು ಹೋಗಬೇಡಿ, ಗೆಳೆಯ ಟೆಲಿಗ್ರಾಂನಲ್ಲಿ ಕಳಿಸಿದ ‘ಡೀಲ್’ ಮುಟ್ಟಬೇಡಿ. ಪೇಮೆಂಟ್ ಫೇಲ್ ಆಯಿತೇ? ಕಾರ್ಟ್ ಖಾಲಿ ಮಾಡಿ, ಲಿಂಕ್‌ನಿಂದಲೇ ಮತ್ತೆ ಶುರು.

ತಾನೇ ಕೂಪನ್ ಹುಡುಕಿಕೊಡುತ್ತೇನೆನ್ನುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನಂತೂ ಕಿತ್ತು ಹಾಕಿ. ಕೂಪನ್ ಸಿಗಲಿ ಬಿಡಲಿ, ಕೊನೆಯ ಕ್ಲಿಕ್ಕನ್ನು ಅವು ತಮ್ಮ ಹೆಸರಿಗೆ ಬರೆದುಕೊಳ್ಳಬಲ್ಲವು.

ಹಂತ 3: ಆರ್ಡರ್ ನಂಬರಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಾಯಿರಿ. ವಾಪಸಾತಿ ಅವಧಿ ಮುಗಿಯುವವರೆಗೆ ‘ಪೆಂಡಿಂಗ್’ ಎಂದೇ ಇರುತ್ತದೆ. ಸಾಮಾನು ವಾಪಸ್ ಮಾಡಿದರೆ ಅದೂ ಹೋಯಿತು.

ಹಂತ 4: ವೋಚರ್ ಬೇಡ, ಆಯ್ಕೆ ಇದ್ದಲ್ಲಿ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ವೋಚರ್ ಇನ್ನೊಂದು ಖರೀದಿಗೆ ಎಳೆಯುತ್ತದೆ. ‘ಕ್ಯಾಶ್‌ಬ್ಯಾಕ್ ಬಂದಿದೆ, ಯುಪಿಐ ಪಿನ್ ಒತ್ತಿ’ ಎಂದು ಫೋನ್ ಬಂದರೆ ಕಟ್ ಮಾಡಿ. ದುಡ್ಡು ಬರಲು ಪಿನ್ ಬೇಕಿಲ್ಲ.

ಇದೆಲ್ಲ ಚಿಲ್ಲರೆ ಉಳಿತಾಯ. ದೊಡ್ಡದು ಊರಿನ ವಿಎಸ್‌ಎಸ್‌ಎನ್‌ನಲ್ಲಿದೆ, ಅಂದರೆ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ. ಸಕಾಲಕ್ಕೆ ತೀರಿಸುವ ರೈತರಿಗೆ ₹5 ಲಕ್ಷದವರೆಗೆ ಬೆಳೆಸಾಲಕ್ಕೆ ಬಡ್ಡಿಯಿಲ್ಲ. ಯಶಸ್ವಿನಿ ಯೋಜನೆಯಲ್ಲಿ ಗ್ರಾಮೀಣ ಸಂಘದ ಸದಸ್ಯರು ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ₹500 ಕಟ್ಟಿದರೆ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ₹5 ಲಕ್ಷದವರೆಗೆ ನಗದು ಕೊಡಬೇಕಿಲ್ಲ. ನಮ್ಮ ಕಡೆಯ ಹಾಲು ಒಕ್ಕೂಟವಾದ ರಾಬಕೊವಿಗೆ ಹಾಲು ಹಾಕುವ ಡೇರಿ ಸಂಘದವರಿಗೂ ಯಶಸ್ವಿನಿಯ ಈ ದಾರಿ ಇದೆ.

ಸೇರುವುದು ಸುಲಭ: ಆಧಾರ್, ಫೋಟೊ, ಪಹಣಿ, ಷೇರು ಹಣ. ಕೌಂಟರಿನಲ್ಲಿ ಒಂದು ಮಾತು ಮರೆಯದೆ ಕೇಳಿ: ‘ನಾನು ಯಾವ ಸದಸ್ಯ?’ ಪಟ್ಟಣದ ಪತ್ತಿನ ಸಂಘಗಳಲ್ಲಿ ಸಾಲಕ್ಕೆಂದು ಹೋದವರನ್ನು ನಾಮಮಾತ್ರ ಸದಸ್ಯರೆಂದು ಬರೆದುಕೊಳ್ಳುವುದುಂಟು. ಅವರಿಗೆ ಮತವೂ ಇಲ್ಲ, ಲಾಭಾಂಶವೂ ಇಲ್ಲ. ಪೂರ್ಣ ಸದಸ್ಯರಾದವರು ವಾರ್ಷಿಕ ಮಹಾಸಭೆಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು, ಸಂಘದಲ್ಲಿ ವ್ಯವಹಾರವನ್ನೂ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಚುನಾವಣೆ ಹೊತ್ತಿಗೆ ಹೆಸರು ಅನರ್ಹರ ಪಟ್ಟಿಯಲ್ಲಿರಬಹುದು. ಸಭೆಯ ದಿನ ಊಟಕ್ಕೆ ಮಾತ್ರ ಬರುವವರು ಇದನ್ನು ಗಮನಿಸಬೇಕು.

ಹೆಚ್ಚು ಬಡ್ಡಿ ಎಂಬ ಬೋರ್ಡ್ ನೋಡಿ ಠೇವಣಿ ಇಡುವವರಿಗೆ ಇನ್ನೊಂದು ಮಾತು. ಸಹಕಾರಿ ಬ್ಯಾಂಕಿನ ಠೇವಣಿಗೆ ₹5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಸಂಘದಲ್ಲಿ ಸಾಲ ತಗೊಳ್ಳಿ, ಷೇರು ಹಿಡಿಯಿರಿ. ಮಗಳ ಮದುವೆಗೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲೇ ಇರಲಿ. ಷೇರು ಪತ್ರ ಕೈಗೆ ಬಂದ ದಿನವೇ ನಾಮಿನಿ ಹೆಸರು ಬರೆಸಿ ಬನ್ನಿ.